ಹವಳದ ಬಣ್ಣ ಕಾಯುವ ಅಬ್ಕರ್

ಬೆಳಗಿನ ನಮಾಜು ಮುಗಿಸಿ ಬಂದವರು ಇನ್ನೊಂದು ನಿದ್ದೆ ತೆಗೆಯೋಣವೆಂದು ಮಗ್ಗುಲಾಗುವ ಹೊತ್ತು. ಓಬ್ಹೂರ್ ದಾಟಿ ಇನ್ನೂ ಉತ್ತರಕ್ಕೆ, ಜೆದ್ದಾದ ಗದ್ದಲ ಕೇಳಿಸದ ಸಮುದ್ರದಂಡೆಯಲ್ಲಿ, ಲುಂಗಿಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ ಒಬ್ಬರು ನೀರಿಗಿಳಿದಿದ್ದಾರೆ. ಬಗ್ಗಿ ಬೊಗಸೆಯಲ್ಲಿ ನೀರೆತ್ತಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡು, ನಾಲಗೆಯ ಮೇಲೆ ಅತ್ತಿತ್ತ ಆಡಿಸಿ ಪಕ್ಕಕ್ಕೆ ಉಗುಳುತ್ತಾರೆ. ಸಾರಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ನೋಡುವ ಅಡುಗೆಯವರ ಹಾಗೆ ತಲೆದೂಗಿ, "ಹ್ಞೂಂ, ಇವತ್ತಿಂದು ಆಗಬಹುದು" ಎನ್ನುತ್ತಾರೆ.

ಐವತ್ತು ದಾಟಿದ ಅಬ್ಕರ್ ಅವರ ದಿನ ಶುರುವಾಗುವುದು ಹೀಗೆ. ಉಪ್ಪು ಅಳೆಯುವ ಯಂತ್ರ ಜೇಬಿನಲ್ಲೇ ಇದೆ, ಅದನ್ನೂ ಅದ್ದಿ ನೋಡುತ್ತಾರೆ, ಆದರೆ ನಾಲಗೆಯ ಸರದಿ ಮುಗಿದ ಮೇಲೆ. ಯಾಕೆ ಎಂದು ಕೇಳಿದರೆ ನಗುತ್ತಾರೆ. "ಯಂತ್ರ ಸುಳ್ಳು ಹೇಳಲ್ಲ. ಆದ್ರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೆ. ಉಪ್ಪೆಷ್ಟು ಅಂದ್ರೆ ಉಪ್ಪಿಷ್ಟು ಅನ್ನುತ್ತೆ. ನಿನ್ನೆ ಯಾವನೋ ಇಲ್ಲಿ ದೋಣಿ ಎಣ್ಣೆ ಚೆಲ್ಲಿ ಹೋಗಿದಾನೆ ಅಂತ ಅದಾಗೇ ಹೇಳುತ್ತಾ?" ಮಾತಾಡುತ್ತಲೇ ಪಂಪಿನ ಕೊಳವೆಯನ್ನು ನೀರಿಗೆ ಬಿಡುತ್ತಾರೆ. ವ್ಯಾನಿನ ಹಿಂಭಾಗದ ನೀಲಿ ಡ್ರಮ್ಮುಗಳು ಒಂದೊಂದಾಗಿ ತುಂಬುತ್ತವೆ. ಅಷ್ಟರಲ್ಲಿ ಅವರ ಬೆನ್ನ ಹಿಂದೆ ಬೆಳಕು ಹರಿಯುತ್ತದೆ. ಅವರು ಮಾತ್ರ ತಿರುಗಿ ನೋಡುವುದಿಲ್ಲ, ತಮೀಸ್ ರೊಟ್ಟಿಯ ತುಂಡಿನಿಂದ ಡಬ್ಬಿಯ ತಳದ ಫೂಲ್ ಕಾಳಿನ ಗೊಜ್ಜು ಬಳಿದು ತಿನ್ನುವುದರಲ್ಲಿ ಮಗ್ನರಾಗಿದ್ದಾರೆ.

ಈ ನೀರು ಹೋಗುವುದು ಊರಿನ ಹದಿನೇಳು ಮನೆಗಳಿಗೆ. ಆ ಮನೆಗಳ ಪಡಸಾಲೆಯಲ್ಲಿ ಗೋಡೆಯಗಲದ ಗಾಜಿನ ತೊಟ್ಟಿಗಳಿವೆ, ಅವುಗಳಲ್ಲಿ ಜೀವಂತ ಹವಳಗಳಿವೆ. ಮೀನು ನೋಡಿಕೊಳ್ಳುವವರು ಈ ಊರಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅಬ್ಕರ್ ಅವರ ಕೆಲಸ ಬೇರೆ. ಹವಳದ ಬಣ್ಣ ಮಾಸದಂತೆ ಕಾಯುವುದು ಅವರ ಕೆಲಸ.

"ಹವಳ ಸಾಯೋದು ಕಮ್ಮಿ, ಮಂಕಾಗೋದು ಜಾಸ್ತಿ" ಎನ್ನುತ್ತಾರೆ ಅವರು. ಹವಳದ ಚರ್ಮದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದಂತೆ. ನೀರಿನಲ್ಲಿ ತಿಂಡಿ ಹೆಚ್ಚಾಯಿತೋ, ಆ ಪಾಚಿ ಕೊಬ್ಬಿ, ಹವಳದ ಸ್ವಂತ ಬಣ್ಣವನ್ನು ಮುಚ್ಚಿಹಾಕಿ, ಎಲ್ಲವೂ ಹಳೇ ಗೋಣಿಚೀಲದ ಕಂದು ಬಣ್ಣಕ್ಕೆ ತಿರುಗುತ್ತದೆ. ತೀರಾ ಉಪವಾಸ ಕೆಡವಿದರೋ, ಪಾಚಿ ಕಾಲು ಕಿತ್ತು ಹವಳ ಮೂಳೆಯ ಹಾಗೆ ಬೆಳ್ಳಗಾಗುತ್ತದೆ. "ಎರಡರ ಮಧ್ಯೆ ಒಂಚೂರೇ ಚೂರು ಜಾಗ ಇದೆ. ನೇರಳೆ, ಹಸಿರು, ಗುಲಾಬಿ ಎಲ್ಲ ಅಲ್ಲೇ ಇರೋದು. ನಾನು ಆ ಜಾಗದಲ್ಲಿ ಅದನ್ನ ಹಿಡಿದು ಕೂರಿಸ್ಕೊಂಡಿರ್ತೀನಿ, ಹಟಮಾರಿ ಮಗೂನ ಕೂರಿಸ್ಕೊಂಡ ಹಂಗೆ."

ಹಿಡಿದು ಕೂರಿಸುವುದು ಸುಲಭವಲ್ಲ, ಯಾಕೆಂದರೆ ಜೆದ್ದಾ ತಿನ್ನಿಸುವ ಊರು. ಬಾಗಿಲಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಮನೆಯೊಳಗೇ ಇರುವ ಮೀನುಗಳನ್ನು ಬಿಡುತ್ತಾರೆಯೇ? ಒಬ್ಬರು ಕಬ್ಸಾದ ಅನ್ನದಗುಳು ಹಾಕುತ್ತಾರೆ, ಇನ್ನೊಬ್ಬರು ಮಕ್ಕಳ ಕೈಗೆ ಮೀನಿನ ಆಹಾರದ ಡಬ್ಬಿಯನ್ನೇ ಕೊಟ್ಟುಬಿಡುತ್ತಾರೆ. ಆಮೇಲೆ, "ಅಬ್ಕರ್, ಯಾಕೋ ಬಣ್ಣ ಇಳೀತಿದೆಯಲ್ಲಪ್ಪಾ" ಎಂದು ಇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. ಬಣ್ಣ ಇಳಿದದ್ದು ಕಾಣಬಾರದೆಂದು ನೀಲಿ ದೀಪ ಜೋರು ಮಾಡುವವರೂ ಇದ್ದಾರೆ. "ನೀಲಿ ದೀಪದಲ್ಲಿ ಎಲ್ಲವೂ ಮದುಮಗಳೇ" ಎನ್ನುತ್ತಾರೆ ಅಬ್ಕರ್. ಅದಕ್ಕೇ ಅವರು ಬೆಳಕು ಹರಿಯುತ್ತಿದ್ದಂತೆ ಹೋಗುವುದು. ದೀಪ ಹೊತ್ತುವ ಮೊದಲೇ ಕಿಟಕಿಯ ಪರದೆ ಸರಿಸಿ, ಹಗಲಿನ ಬೆಳಕಲ್ಲಿ ನೋಡಿದರೆ ಹವಳದ ಅಸಲಿ ಮುಖ ತಿಳಿಯುತ್ತದಂತೆ.

ಇಷ್ಟು ವರ್ಷ ಇಂಥ ಕೆಲಸ ಮಾಡಿದವರ ಹೆಸರು ಯಾಕೆ ಊರಿಗೆ ಗೊತ್ತಿಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಕೇಳಿದರೆ ನಗು ಬರುತ್ತದೆ. ಯಾರೂ ಅವರ ಫೋನ್ ನಂಬರನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ. ಕೊಟ್ಟರೆ ಹದಿನೆಂಟನೇ ಮನೆ ಸೇರಿಕೊಂಡು ತಮ್ಮ ಮನೆಗೆ ಬರುವುದು ತಡವಾದೀತು ಎಂಬ ಭಯ. ನೆಂಟರು ಬಂದು, "ಅಬ್ಬಾ, ಇದನ್ನ ಯಾರು ನೋಡ್ಕೋತಾರೆ?" ಎಂದರೆ, "ನಮ್ಮ ಮನೆಯವರೇ" ಎಂದುಬಿಡುತ್ತಾರೆ. ಅಕ್ಕಪಕ್ಕದ ಮನೆಯ ಇಬ್ಬರು ಅಣ್ಣತಮ್ಮಂದಿರೇ ಒಬ್ಬರಿಗೊಬ್ಬರು ಮುಚ್ಚಿಟ್ಟು ಅಬ್ಕರ್ ಅವರನ್ನು ಕರೆಸಿಕೊಳ್ಳುತ್ತಿದ್ದಾರೆ. ಅಣ್ಣನ ಮನೆಯಿಂದ ಹೊರಬಂದು, ವ್ಯಾನನ್ನು ಒಂದು ಸುತ್ತು ಹೊಡೆಸಿ, ತಮ್ಮನ ಮನೆಯ ಹಿಂಬಾಗಿಲಿಗೆ ತಂದು ನಿಲ್ಲಿಸುವುದು ಅವರ ಮಂಗಳವಾರದ ಕಸರತ್ತು.

ಅಬ್ಕರ್ ಹುಟ್ಟಿದ್ದು ದಕ್ಷಿಣದ ಫರಸಾನ್ ದ್ವೀಪದಲ್ಲಿ. ತಂದೆ ಬಲೆ ಬೀಸುವವರು. ಹುಡುಗನಾಗಿದ್ದಾಗ ತಂದೆಯ ದೋಣಿಯಿಂದ ಧುಮುಕಿ ಕಣ್ಣು ಬಿಟ್ಟಾಗಲೆಲ್ಲ ಕೆಳಗೆ ಬಣ್ಣವೋ ಬಣ್ಣ. "ಆಗ ಅದು ಬಣ್ಣ ಅಂತಲೂ ಅನ್ನಿಸಿರಲಿಲ್ಲ. ನೀರೊಳಗೆ ಇರೋದೇ ಹಂಗೆ ಅಂದ್ಕೊಂಡಿದ್ದೆ. ಜೆದ್ದಾಕ್ಕೆ ಬಂದ ಮೇಲೆ ಗೊತ್ತಾಯ್ತು, ಇದಕ್ಕೆ ಜನ ಬಾಯಿ ಬಾಯಿ ಬಿಡ್ತಾರೆ ಅಂತ." ಜೆದ್ದಾದಲ್ಲಿ ಮೊದಲು ಸಿಹಿನೀರಿನ ಟ್ಯಾಂಕರ್ ಓಡಿಸಿದರು. ಒಂದು ಮನೆಗೆ ನೀರು ತುಂಬಲು ಹೋದಾಗ ಅಲ್ಲಿನ ಗಾಜಿನ ತೊಟ್ಟಿ ಒಡೆದು ನೀರು ಸೋರುತ್ತಿತ್ತು, ಮನೆಯವರು ಬಡಕೊಳ್ಳುತ್ತಿದ್ದರು. ಇವರು ಟ್ಯಾಂಕರ್ ಬಿಟ್ಟು ಬಂದು, ಬಕೆಟ್ಟುಗಳಲ್ಲಿ ಹವಳಗಳನ್ನು ಎತ್ತಿಟ್ಟುಕೊಟ್ಟರು. ಮಾರನೇ ದಿನ ಅವರೇ ಕರೆದರು, ಅದರ ಮಾರನೇ ದಿನವೂ ಕರೆದರು. ಟ್ಯಾಂಕರ್ ಅಲ್ಲಿಗೇ ನಿಂತಿತು.

ಕಲಿತದ್ದು ಹೇಗೆ ಎಂದರೆ ಅವರು ತಲೆ ತಗ್ಗಿಸುತ್ತಾರೆ. "ಕೊಂದು ಕಲಿತೆ. ಯಾರ ಹತ್ರ ಮುಚ್ಚಿಡಲಿ. ಮೊದಲ ಎರಡು ವರ್ಷ ನಾನು ಮುಟ್ಟಿದ್ದು ಉಳೀತಿರಲಿಲ್ಲ." ಸಮುದ್ರದಿಂದ ಒಂದು ಚೂರು ಹವಳವನ್ನೂ ಅವರು ಕಿತ್ತು ತಂದಿಲ್ಲ, ಅದು ಅವರ ಪಟ್ಟು. ಒಂದು ಮನೆಯ ತೊಟ್ಟಿಯಲ್ಲಿ ಬೆಳೆದದ್ದರ ಕವಲು ಮುರಿದು ಇನ್ನೊಂದು ಮನೆಯಲ್ಲಿ ನಾಟುತ್ತಾರೆ. ಹೀಗಾಗಿ ಹದಿನೇಳು ಮನೆಯ ಹವಳಗಳೂ ಒಂದಕ್ಕೊಂದು ಬೀಗರು. ಮನೆಯವರಿಗೆ ಇದು ಗೊತ್ತಿಲ್ಲ, ಗೊತ್ತಾಗುವುದು ಬೇಕಾಗಿಯೂ ಇಲ್ಲ ಎನ್ನುತ್ತಾರೆ ಅವರು.

ಬನೀ ಮಾಲಿಕ್ ಬಡಾವಣೆಯ ಮೂರನೇ ಮಹಡಿಯಲ್ಲಿ ಅಬ್ಕರ್ ಅವರ ಮನೆ. ಅಲ್ಲಿ ತೊಟ್ಟಿಯೂ ಇಲ್ಲ, ಹವಳವೂ ಇಲ್ಲ, ಇಡಲು ಜಾಗವೂ ಇಲ್ಲ. ಹೆಂಡತಿ ಜಬ್ರಾ ಕೂಡ ಫರಸಾನಿನವರೇ. ಗಂಡನ ಕೆಲಸದ ಬಗ್ಗೆ ಅವರಿಗಿದ್ದ ಅಭಿಪ್ರಾಯವನ್ನು ಅವರ ಬಾಯಿಂದಲೇ ಕೇಳಬೇಕು. "ಇಷ್ಟು ವರ್ಷದಿಂದ ದಿನಾ ಬಂದು ಹೇಳೋರು, ಇವತ್ತು ಇದಕ್ಕೆ ಬಣ್ಣ ಬಂತು, ಅದಕ್ಕೆ ಬಣ್ಣ ಬಂತು ಅಂತ. ನನಗೇನು ಕಾಣುತ್ತೆ? ನನಗೆ ಕಂಡಿದ್ದು ಇವರ ಬನಿಯನ್ ಮೇಲಿನ ಉಪ್ಪಿನ ಕಲೆ, ಬಿರುಕು ಬಿಟ್ಟ ಕೈ. ಊರವರ ಮನೆ ಕಲ್ಲಿಗೆಲ್ಲ ಬಣ್ಣ ಬರಿಸ್ತಾರಂತೆ. ನಮ್ಮ ಅಡುಗೆಮನೆ ಗೋಡೆ ನೋಡಿ, ಹಪ್ಪಳ ಎದ್ದಂಗೆ ಎದ್ದಿದೆ. ಬಣ್ಣ ಬಳೀರಿ ಮಹಾರಾಯರೇ ಅಂತ ಹೇಳೀ ಹೇಳೀ ನನ್ನ ಗಂಟಲು ಒಣಗಿತು."

ಫೋನಿನಲ್ಲಿ ಚಿತ್ರ ತೆಗೆದು ತೋರಿಸಬಹುದಿತ್ತಲ್ಲ? ಅಬ್ಕರ್ ತಲೆ ಅಲ್ಲಾಡಿಸುತ್ತಾರೆ. ಮನೆಯವರು ಮಲಗಿರುವಾಗ ಅವರ ಪಡಸಾಲೆಗೆ ಕಾಲಿಡಲು ಬಿಟ್ಟಿದ್ದಾರೆ. ಅಂಥಲ್ಲಿ ಫೋನ್ ಎತ್ತಿ ಹಿಡಿಯುವುದು ಸರಿಯಲ್ಲ ಎಂಬುದು ಅವರ ಲೆಕ್ಕ. ಹಾಗಾಗಿ ಅವರು ಬರಿಸಿದ ಒಂದೇ ಒಂದು ಬಣ್ಣವನ್ನೂ ಜಬ್ರಾ ನೋಡಿರಲಿಲ್ಲ. ಈ ವರ್ಷದವರೆಗೆ.

ಈ ವರ್ಷ ನಡೆದದ್ದನ್ನು ಹೇಳಬೇಕಾದರೆ ರೌದಾ ಬಡಾವಣೆಯ ಸಿತ್ತಿ ಬಹೀಜಾ ಅವರ ಮನೆಗೆ ಹೋಗಬೇಕು. ಮನೆಮಂದಿಗೆ ಮಾತ್ರವಲ್ಲ, ಕಾವಲುಗಾರನಿಗೂ ಹಾಲಿನವನಿಗೂ ಅವರು ಸಿತ್ತಿಯೇ, ಅಂದರೆ ಅಜ್ಜಿ. ಆ ಮನೆಯ ತೊಟ್ಟಿಯ ನಟ್ಟನಡುವೆ ನೇರಳೆ ಬಣ್ಣದ ಒಂದು ಕವಲು ಹವಳವಿದೆ. ಅಬ್ಕರ್ ಅದನ್ನು ಅಂಗಡಿಯಿಂದ ಕಿರುಬೆರಳುದ್ದದ ಚೂರಾಗಿ ತಂದು ಬಂಡೆಗೆ ಅಂಟಿಸಿದ್ದರು. ಈಗ ಅದು ಮೊರದಗಲ ಹರಡಿದೆ. ಬೇರೆಲ್ಲ ಮನೆಯ ನೇರಳೆ ಹವಳಗಳೂ ಇದರ ಕವಲುಗಳೇ. ಬಣ್ಣ ನೋಡಿ ಸಿತ್ತಿ ಅದಕ್ಕೆ ಬದನೇಕಾಯಿ ಎಂದು ಹೆಸರಿಟ್ಟಿದ್ದಾರೆ.

ಸಿತ್ತಿಯ ಮೊಮ್ಮಗಳು ರಝಾನಳ ಮಿಲ್ಕಾ, ಅಂದರೆ ನಿಕಾಹಿನ ಒಪ್ಪಂದದ ಔತಣ, ನಿಶ್ಚಯವಾಯಿತು. ಮದುಮಗಳು ಕೂರುವುದು ತೊಟ್ಟಿಯ ಮುಂದೆಯೇ ಎಂದೂ ತೀರ್ಮಾನವಾಯಿತು. ಸರಿಯಾಗಿ ಆಗಲೇ ಬದನೇಕಾಯಿಗೆ ಗ್ರಹಚಾರ ಹಿಡಿಯಿತು. ಮೊದಲು ಮೇಲಿನ ಸಣ್ಣ ಸಣ್ಣ ಹೂಬಾಯಿಗಳು ಮುಚ್ಚಿಕೊಂಡವು. ಆಮೇಲೆ ನೇರಳೆ ಮಾಸುತ್ತ ಮಾಸುತ್ತ ಕಂದಿಗೆ ತಿರುಗಿತು. ಸಿತ್ತಿಯ ಮಗ ಅದ್ನಾನ್, ನೆಲದ ಟೈಲ್ಸ್ ವ್ಯಾಪಾರಿ, ಒಂದು ಬೆಳಿಗ್ಗೆ ಅಬ್ಕರ್ ಬರುವುದನ್ನೇ ಕಾದು ಕೂತಿದ್ದರು.

"ನೋಡಪ್ಪಾ ಅಬ್ಕರ್, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಗಂಡಿನ ಕಡೆಯವರು ಬರ್ತಾರೆ. ಇಂಥ ಕಳೆಗೆಟ್ಟಿದ್ದನ್ನ ಬೆನ್ನಿಗಿಟ್ಟುಕೊಂಡು ನನ್ನ ಮಗಳು ಕೂರಬೇಕಾ? ಮಿಲ್ಕಾ ಹಿಂದಿನ ವಾರದವರೆಗೂ ನೋಡ್ತೀನಿ. ಬಣ್ಣ ಬಂತಾ, ಸಂತೋಷ. ಬರಲಿಲ್ಲವಾ, ತೊಟ್ಟಿ ತೆಗೆಸಿಬಿಡ್ತೀನಿ. ಅಲ್ಲಿಗೆ ಹೂವಿನ ಮಂಟಪ ಬರುತ್ತೆ."

"ತೆಗೆಸಿದ್ರೆ ಬದನೇಕಾಯಿ ಎಲ್ಲಿಗೆ ಹೋಗುತ್ತೆ ಸಾಹೇಬ್ರೇ?"

"ಅದು ನಿನಗೆ ಗೊತ್ತಿರಬೇಕು."

ಅಬ್ಕರ್ ಅವರಿಗೆ ಗೊತ್ತಿತ್ತು. ಅಷ್ಟಗಲದ ಹವಳ ಬಂಡೆಗೆ ಕಚ್ಚಿಕೊಂಡು ಬೆಳೆದಿದೆ. ಎಬ್ಬಿಸಲು ಹೋದರೆ ಚೂರು ಚೂರು. ಅದು ಹದಿನೇಳು ಮನೆಯ ಬೀಗತನಕ್ಕೆಲ್ಲ ತಾಯಿಬೇರು. ಅದಕ್ಕಿಂತ ಹೆಚ್ಚಾಗಿ, ಅದು ಅವರು ಮುಟ್ಟಿಯೂ ಸಾಯದೆ ಉಳಿದ ಮೊದಲ ಹವಳ.

ಅಲ್ಲಿಂದ ಮುಂದೆ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ದೀಪದ ಬೆಳಕು ಸುಡುತ್ತಿದೆಯೇನೋ ಎಂದು ದೀಪ ತಗ್ಗಿಸಿದರು. ಹಸಿದಿದೆಯೇನೋ ಎಂದು ಆಹಾರ ಹೆಚ್ಚಿಸಿದರು. ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ಹೊರಹಾಕುವ ಯಂತ್ರ ಹುಚ್ಚು ಹಿಡಿದಂತೆ ನೊರೆ ಕಾರುತ್ತಿತ್ತು, ಅದನ್ನು ಮೂರು ಸಲ ಬಿಚ್ಚಿ ತೊಳೆದರು. ನೀರಿನ ಮೇಲೆ ತೆಳುವಾದ ಜಿಡ್ಡಿನ ಪರೆ ಕಟ್ಟುತ್ತಿತ್ತು. ಅಡುಗೆಮನೆಯ ಒಗ್ಗರಣೆ ಹೊಗೆ ಇರಬೇಕೆಂದು ಅಡುಗೆಮನೆ ಬಾಗಿಲು ಹಾಕಿಸಿದರು, ಆ ಬಗ್ಗೆ ಅದ್ನಾನ್ ಅವರ ಹೆಂಡತಿ ಮುಖ ಊದಿಸಿಕೊಂಡರು. ಯಂತ್ರಗಳನ್ನೆಲ್ಲ ಅದ್ದಿದರು. ಉಪ್ಪು ಸರಿ, ಬಿಸಿ ಸರಿ, ಸುಣ್ಣ ಸರಿ. ಬದನೇಕಾಯಿ ಮಾತ್ರ ದಿನದಿಂದ ದಿನಕ್ಕೆ ಹಳಸಿದ ಪಲ್ಯದ ಬಣ್ಣಕ್ಕೆ ಬರುತ್ತಿತ್ತು.

"ಆ ದಿನಗಳಲ್ಲಿ ಇವರಿಗೆ ಊಟ ಇಳೀತಿರಲಿಲ್ಲ" ಎಂದು ಜಬ್ರಾ ನೆನೆಯುತ್ತಾರೆ. "ತಟ್ಟೆ ಮುಂದೆ ಕೂತ್ಕೊಂಡು ಗೋಡೆ ನೋಡೋರು. ಗೋಡೆ ನೋಡ್ತಿದಾರಲ್ಲ, ಕೊನೆಗೂ ಬಣ್ಣ ಬಳಿಯೋ ಯೋಚನೆ ಬಂತೇನೋ ಅಂದ್ಕೊಂಡೆ. ಎಲ್ಲಿ ಬಂತು."

ಗುಟ್ಟು ಹೊರಬಿದ್ದದ್ದು ಬಾಯಾರಿಕೆಯಿಂದ. ಅವತ್ತು ಕಾಲಿಟ್ಟಲ್ಲೆಲ್ಲ ಬಿಸಿ. ಬೆಳಗ್ಗೆಯೇ ನಾಲ್ಕು ಡ್ರಮ್ಮು ಹೊತ್ತು ಮೆಟ್ಟಿಲು ಹತ್ತಿದ ಅಬ್ಕರ್ ಅವರ ಗಂಟಲು ಒಣಗಿ ಹೋಗಿತ್ತು. ಸಿತ್ತಿ ಇನ್ನೂ ನಮಾಜಿನ ಚಾಪೆಯ ಮೇಲೆ ಜಪಮಣಿ ಎಣಿಸುತ್ತಿದ್ದರು, ಎಬ್ಬಿಸಲು ಮನಸ್ಸಾಗಲಿಲ್ಲ. ತೊಟ್ಟಿಯ ಪಕ್ಕದ ಮೇಜಿನ ಮೇಲೆ ಮಣ್ಣಿನ ಹೂಜಿಯೊಂದು ತುಂಬಿ ನಿಂತಿತ್ತು. ಎತ್ತಿ ಗಟಗಟ ಕುಡಿಯಹೋದರು. ಎರಡನೇ ಗುಟುಕಿಗೆ ನಿಂತರು. ನಾಲಗೆ ಮೇಲೆ ಆಡಿಸಿದರು. ಮಸ್ತಕಿಯ ಘಮ.

ಮಸ್ತಕಿ ಎಂದರೆ ಮರದ ಅಂಟು. ಕೆಂಡದ ಮೇಲೆ ಅದರ ಎರಡು ಹರಳು ಹಾಕಿ, ಏಳುವ ಹೊಗೆಯ ಮೇಲೆ ಹೂಜಿಯನ್ನು ಬೋರಲು ಹಿಡಿದು, ಹೊಗೆ ಒಳಗೆ ಕೂತ ಮೇಲೆ ನೀರು ತುಂಬುತ್ತಾರೆ. ಮಾನ ಮರ್ಯಾದೆ ಇರುವ ಹಿಜಾಜ್ ಸೀಮೆಯ ಮನೆಯಲ್ಲಿ ನೆಂಟರಿಗೆ ಬರಿ ನೀರು ಕೊಡುವುದಿಲ್ಲ. ಮನೆಯೆಲ್ಲ ಸದಾ ಅದೇ ವಾಸನೆ ಇದ್ದದ್ದರಿಂದ ಅಬ್ಕರ್ ಅವರ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಹೂಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಚಾಪೆಯ ಹತ್ತಿರ ಹೋಗಿ ಕೇಳಿದರು.

"ಸಿತ್ತಿ, ಈ ನೀರು ಯಾರಿಗೆ ಇಟ್ಟಿದ್ರಿ?"

"ಅಯ್ಯೋ, ಅದನ್ನ ಕುಡಿದ್ಯಾ? ನಿನಗೆ ಬೇರೆ ಕೊಡ್ತಿದ್ನಲ್ಲೋ. ಅದು ಅವಕ್ಕೆ."

"ಯಾವಕ್ಕೆ?"

ಸಿತ್ತಿ ಜಪಮಣಿ ಹಿಡಿದ ಕೈಯನ್ನೇ ತೊಟ್ಟಿಯ ಕಡೆ ತೋರಿಸಿದರು. "ಬದನೇಕಾಯಿಗೆ, ಮಿಕ್ಕವಕ್ಕೆ."

ಆದದ್ದಿಷ್ಟು. ತೊಟ್ಟಿಯ ನೀರು ದಿನಾ ಒಂದಿಷ್ಟು ಆವಿಯಾಗುತ್ತದೆ, ಕಡಿಮೆಯಾದಷ್ಟು ಸೋಸಿದ ಸಿಹಿನೀರನ್ನು ಬೆಳಗ್ಗೆ ಹೊಯ್ಯಬೇಕು. ಆ ಕೆಲಸ ಮನೆಗೆಲಸದಾಕೆಯದು. ಅವಳು ರಜೆಯ ಮೇಲೆ ಜಾವಾಕ್ಕೆ ಹೋದಾಗ, ಯಾರಿಗೂ ಹೇಳದೆ ಸಿತ್ತಿ ಅದನ್ನು ತಮ್ಮ ಮೇಲೆ ಹಾಕಿಕೊಂಡರು. ಅಬ್ಕರ್ ಇಟ್ಟುಹೋದ ಪ್ಲಾಸ್ಟಿಕ್ ಕ್ಯಾನಿನ ನೀರನ್ನು ಹಾಗೇ ಸುರಿಯಲು ಅವರಿಗೆ ಕೈ ಬರಲಿಲ್ಲ. ಹೂಜಿಗೆ ಹೊಗೆ ಕೊಟ್ಟು, ನೀರು ತುಂಬಿ, ಬಿಸ್ಮಿಲ್ಲಾ ಹೇಳಿ, ದಿನವೂ ಹೊಯ್ದರು. ಆ ಹೊಗೆಯ ಜಿಡ್ಡೇ ನೀರಿನ ಮೇಲೆ ಪರೆಯಾಗಿ ಕಟ್ಟಿ, ಹವಳಗಳ ಉಸಿರು ಹಿಡಿದಿತ್ತು.

ಈ ಕಥೆಯನ್ನು ಮುಚ್ಚಿಡುವ ಯೋಚನೆ ಸಿತ್ತಿಗೆ ಲವಲೇಶವೂ ಇಲ್ಲ. ಬರೆಯಲು ಬಂದಿದ್ದಾರೆ ಎಂದು ತಿಳಿದ ಕೂಡಲೇ ತಾವೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಬರ್ಕೋ. ನನ್ನ ಹೆಸರೇ ಹಾಕು, ನನಗೇನು ನಾಚಿಕೆ. ನನ್ನ ಮನೇಲಿರೋರು ನನ್ನ ಮನೆ ನೀರು ಕುಡೀಬೇಕಲ್ಲ? ಮಾತು ಬರಲ್ಲ ಅಂದ ಮಾತ್ರಕ್ಕೆ ಬರಿ ನೀರು ಕೊಡೋಕಾಗುತ್ತಾ? ಮುದುಕಿಗೆ ಬುದ್ಧಿ ಇಲ್ಲ ಅಂತಾನೆ ನನ್ನ ಮಗ. ಇವನ ತೊಟ್ಟಿಲಿಗೂ ನಾನೇ ಹೊಗೆ ಕೊಟ್ಟು ಬೆಳೆಸಿದ್ದು. ಆಗ ಇವನ ಬಣ್ಣವೇನೂ ಇಳೀಲಿಲ್ಲ."

ಅಬ್ಕರ್ ಮಾತ್ರ ತಪ್ಪನ್ನೆಲ್ಲ ಸಿತ್ತಿಯ ಮೇಲೆ ಹಾಕಲು ಬಿಡುವುದಿಲ್ಲ. "ಅರ್ಧ ನನ್ನದು. ಪರೆ ಕಟ್ಟಿದ್ದು ನೋಡಿಯೂ, ಎಲ್ಲಿಂದ ಬಂತು ಅಂತ ಹುಡುಕೋದು ಬಿಟ್ಟು, ಗಾಬರಿ ಬಿದ್ದು ದೀಪ ತಗ್ಗಿಸಿದೆ, ತಿಂಡಿ ಜಾಸ್ತಿ ಮಾಡಿದೆ. ಅದೇ ಕಂದು ಹತ್ತಿಸಿದ್ದು. ಜನಕ್ಕೆ ತಿನ್ನಿಸಬೇಡಿ ಅಂತ ಹೇಳ್ಕೊಂಡು ತಿರುಗೋನು ನಾನೇ ತಿನ್ನಿಸಿದೆ. ಸಮುದ್ರದ ನೀರನ್ನ ದಿನಾ ನಾಲಗೆಗೆ ಹಾಕ್ಕೊಳ್ತೀನಿ, ಮನೆಯೊಳಗಿನ ನೀರನ್ನ ಒಂದು ಸಲವೂ ಹಾಕ್ಕೊಂಡಿರಲಿಲ್ಲ."

ಕಾರಣ ಸಿಕ್ಕಿದ ಮೇಲೆ ಕೆಲಸಕ್ಕೆ ಕೈ ಹಚ್ಚಿದರು. ಮೇಲಿನ ಜಿಡ್ಡನ್ನು ಕಾಗದ ಹಾಸಿ ಹಾಸಿ ಎತ್ತಿದರು. ನೀರು ಸೋಸುವ ಜಾಗದಲ್ಲಿ ವಾಸನೆ ಹೀರುವ ಕಪ್ಪು ಇದ್ದಿಲ ಚೀಲವಿಟ್ಟರು. ದಿನ ಬಿಟ್ಟು ದಿನ ಒಂದಷ್ಟು ಹಳೆ ನೀರು ತೆಗೆದು ಹೊಸ ಸಮುದ್ರದ ನೀರು ತುಂಬಿದರು. ದೀಪವನ್ನು ಮೆಲ್ಲಮೆಲ್ಲಗೆ ಏರಿಸಿದರು. ಒಂದೇ ಏಟಿಗೆ ಏರಿಸಿದರೆ ಬೆಳ್ಳಗಾಗಿಬಿಡುತ್ತದೆ, ಅದಕ್ಕಿಂತ ಕಂದೇ ವಾಸಿ. ಕೆಲವೇ ದಿನಕ್ಕೆ ಹೂಬಾಯಿಗಳು ಒಂದೊಂದಾಗಿ ತೆರೆದುಕೊಂಡವು. ಬಣ್ಣ ಮಾತ್ರ ಹಟ ಹಿಡಿದು ಕೂತಿತು. ಅದ್ನಾನ್ ಪ್ರತಿ ಬೆಳಿಗ್ಗೆ ಬಂದು ನೋಡಿ ಹೋಗುತ್ತಿದ್ದರು. ಮಂಟಪದವರು ಬಂದು ಗೋಡೆ ಅಳೆದುಕೊಂಡೂ ಹೋದರು.

ಸಿತ್ತಿ ಕೈಕಟ್ಟಿ ಕೂರಲಿಲ್ಲ. ಬೆಳಗ್ಗೆ ಪರದೆ ಸರಿಸಿ, ಕನ್ನಡಕ ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿ ನೋಡಿ ಅಬ್ಕರ್‌ಗೆ ಫೋನ್ ಮಾಡುವುದು ಅವರ ದಿನಚರಿಯಾಯಿತು. "ಇಲ್ಲ ಕಣೋ, ಇನ್ನೂ ಬೆಂದ ಬದನೇಕಾಯಿಯೇ." ಮರುದಿನವೂ ಅದೇ. ಒಂದು ದಿನ ಅವರು ಫೋನ್ ಹಿಡಿದುಕೊಂಡೇ ಮತ್ತೊಮ್ಮೆ ಗಾಜಿಗೆ ಮೂಗು ತಾಗಿಸಿದರು. ಆಮೇಲೆ, "ಬುಡದಲ್ಲಿ ಒಂದು ಕವಲು ಹಸಿ ಬದನೇಕಾಯಿ ಥರ ಕಾಣ್ತಿದೆ. ನನ್ನ ಕಣ್ಣೇ ಸರಿ ಇಲ್ಲವೋ ಏನೋ, ನೀನೇ ಬಂದು ನೋಡು" ಎಂದರು. ಅಬ್ಕರ್ ಅವತ್ತು ಅಣ್ಣತಮ್ಮಂದಿರ ಮನೆ ಎರಡನ್ನೂ ಬಿಟ್ಟು ರೌದಾಕ್ಕೆ ವ್ಯಾನ್ ತಿರುಗಿಸಿದರು. ಅಜ್ಜಿಯ ಕಣ್ಣು ಸರಿಯಾಗಿಯೇ ಇತ್ತು.

ಮಂಟಪದವರಿಗೆ ಬೇಡ ಎಂದು ಹೇಳಿಬಿಡುವಂತೆ ಅದ್ನಾನ್ ಹೆಂಡತಿಗೆ ಸೂಚಿಸಿದ್ದು ಅದರ ಮುಂದಿನ ವಾರ. ಅಬ್ಕರ್‌ಗೆ ಮಾತ್ರ ಅವರು ಹೇಳಿದ್ದು ಇಷ್ಟೇ: "ಪರವಾಗಿಲ್ಲಪ್ಪಾ." ವ್ಯಾಪಾರಿಯ ಬಾಯಿಂದ ಅಷ್ಟು ಬಂದರೆ ಬಹಳವಾಯಿತು.

ಇಷ್ಟಾದರೂ ಒಂದು ಕೊರಗು ಉಳಿದೇ ಇತ್ತು. ಮಿಲ್ಕಾದ ಸಂಜೆ ಪಡಸಾಲೆ ಪೂರ್ತಿ ಹೆಂಗಸರದು. ಗಂಡಸರಿಗೆ ಅಂಗಳದ ಶಾಮಿಯಾನ. ತಾವು ಬರಿಸಿದ ಬಣ್ಣದ ಮುಂದೆ ಮದುಮಗಳು ಕೂರುವುದನ್ನು ಅಬ್ಕರ್ ನೋಡುವ ಹಾಗಿಲ್ಲ. ಅದನ್ನವರು ಹೇಳಿಕೊಳ್ಳಲೂ ಇಲ್ಲ. ಸಿತ್ತಿಗೆ ಹೇಳದೆಯೂ ಅರ್ಥವಾಯಿತು. ಮಸ್ತಕಿಯ ನೀರನ್ನು ಅಬ್ಕರ್ ಕೈಗೆ ಕೊಡುತ್ತ ಕೇಳಿದರು, "ನಿನ್ನ ಹೆಂಡತಿ ಹೆಸರೇನು?"

"ಜಬ್ರಾ."

"ಜಬ್ರಾ ಬರಬೇಕು. ಕರೆದುಕೊಂಡು ಬರೋದು ನಿನ್ನ ಕೆಲಸ, ಊಟಕ್ಕೆ ಕೂರಿಸೋದು ನನ್ನ ಕೆಲಸ."

ಆ ಸಂಜೆಯ ಬಗ್ಗೆ ಜಬ್ರಾ ಅವರ ಮಾತು ನಿಲ್ಲುವುದೇ ಇಲ್ಲ. ಮಲ್ಲಿಗೆ ಮುಡಿದು, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೋದರಂತೆ. ಯಾರಿಗೂ ಯಾರೆಂದು ಗೊತ್ತಿಲ್ಲ, ಯಾರದೋ ದೂರದ ನೆಂಟರು ಅಂದುಕೊಂಡರಂತೆ. ನೀಲಿ ದೀಪ ಹಾಕಲು ಹೋದ ಹುಡುಗಿಯರ ಕೈಗೆ ಸಿತ್ತಿ ಫಟ್ ಎಂದು ಹೊಡೆದು ಬಿಳಿ ದೀಪವನ್ನೇ ಉಳಿಸಿದರಂತೆ. "ರಝಾನ್ ಪಾಪ ಚೆನ್ನಾಗಿಯೇ ಇದ್ಲು. ಆದ್ರೆ ಜನ ನೋಡ್ತಿದ್ದದ್ದು ಅವಳ ಹಿಂದೆ. ಗಂಡಿನ ತಾಯಿ ಬಂದು, ಇದನ್ನ ಯಾರು ನೋಡ್ಕೊಳ್ಳೋದು, ನಂಬರ್ ಕೊಡಿ ಅಂತ ಸಿತ್ತಿಗೆ ಗಂಟು ಬಿದ್ದರು. ಸಿತ್ತಿ ಆಕಾಶಕ್ಕೆ ಕೈ ತೋರಿಸಿ, ಬಣ್ಣ ಕೊಡೋನು ಅವನೊಬ್ಬನೇ ತಾಯಿ, ನಾವ್ಯಾರು ಅಂದುಬಿಟ್ಟರು. ಅಂದ್ಕೊಂಡು ಇನ್ನೊಂದು ಕೈಲಿ ನನ್ನ ತೊಡೆ ಚಿವುಟ್ತಿದಾರೆ, ಬಾಯಿ ಬಿಡಬೇಡ ಅಂತ. ನಗು ತಡಕೊಳ್ಳೋಕಾಗದೆ ನನಗೆ ಉಸಿರು ಕಟ್ಟಿತು."

ಅಬ್ಕರ್ ಹೊರಗೆ ವ್ಯಾನಿನಲ್ಲೇ ಕಾಯುತ್ತಿದ್ದರು, ಶಾಮಿಯಾನದ ಊಟಕ್ಕೂ ಹೋಗಿರಲಿಲ್ಲ. ಜಬ್ರಾ ಬಂದು ಕೂತು ಬಾಗಿಲು ಹಾಕಿಕೊಂಡರು. ಅಬ್ಕರ್ ವ್ಯಾನ್ ಹೊರಡಿಸಿದರು. ಬನೀ ಮಾಲಿಕ್ ಹತ್ತಿರ ಬಂದಾಗ ಜಬ್ರಾ ಒಮ್ಮೆಲೇ ಶುರು ಮಾಡಿದರು.

"ನೇರಳೆ ಅಂತ ಹೇಳಿದ್ರಲ್ಲ ನೀವು? ಅದು ನೇರಳೆ ಅಲ್ಲ."

"ಮತ್ತೆ?"

"ತುದೀಲಿ ತೆಳು, ಬುಡಕ್ಕೆ ಹೋದ ಹಂಗೆಲ್ಲ ದಟ್ಟ. ನಮ್ಮೂರಲ್ಲಿ ಸೂರ್ಯ ಮುಳುಗಿದ ಮೇಲೆ, ಕತ್ತಲಾಗೋಕೆ ಸ್ವಲ್ಪ ಮುಂಚೆ, ದೋಣಿಗಳ ಹಿಂದೆ ಒಂದು ಬಣ್ಣ ಬಂದು ಹೋಗುತ್ತಲ್ಲ, ಅದು. ಇಷ್ಟು ವರ್ಷ ಅದನ್ನ ನೇರಳೆ, ಬದನೇಕಾಯಿ ಅಂತ ಹೇಳಿ ಹೇಳಿ ಕೆಡಿಸಿಬಿಟ್ರಿ. ಅಂಥದ್ದನ್ನ ಊರವರ ಮನೇಲಿ ಬರಿಸಿ ನಮ್ಮ ಗೋಡೇನ ಹಂಗೇ ಬಿಟ್ಟಿದೀರಲ್ಲ, ನಿಮಗೆ ಮನಸ್ಸು ಹೆಂಗೆ ಬಂತು?"

ಈ ಶುಕ್ರವಾರ ಅಬ್ಕರ್ ಅವರ ಮನೆಗೆ ಹೋದವರಿಗೆ ಕಾಣುವುದು, ಅಡುಗೆಮನೆಯ ಗೋಡೆಯನ್ನು ಚೆನ್ನಾಗಿ ಕೆರೆದು, ಒಂದು ಮೂಲೆಯಲ್ಲಿ ನಾಲ್ಕು ಬೇರೆ ಬೇರೆ ನೇರಳೆಗಳ ಪಟ್ಟೆ ಎಳೆದಿರುವುದು. ಪ್ರತಿ ಪಟ್ಟೆಯ ಮುಂದೆ ನಿಂತು ಜಬ್ರಾ ಮೂಗು ಮುರಿದಿದ್ದಾರೆ. ಈಗ ಐದನೆಯ ಡಬ್ಬಿಯ ಸರದಿ. ಅಬ್ಕರ್ ಬ್ರಶ್ಶಿನಲ್ಲಿ ಒಂದು ಎಳೆ ಎಳೆದು ಪಕ್ಕಕ್ಕೆ ಸರಿಯುತ್ತಾರೆ. ಜಬ್ರಾ ಕಿಟಕಿಯ ಪರದೆ ಸರಿಸುತ್ತಾರೆ, ಹಗಲ ಬೆಳಕಲ್ಲಿ ನೋಡಬೇಕಂತೆ. ಕಣ್ಣು ಕಿರಿದು ಮಾಡಿ ನೋಡುತ್ತಾರೆ.

"ಇದಲ್ಲ."

"ಇನ್ನೂ ಗಾಢ ಬೇಕಾ?"

"ಗಾಢ ಅಲ್ಲ. ನಾನು ಹೇಳಲಿಲ್ವಾ, ಬುಡದಲ್ಲಿ ಅದು ಒಳಗಿಂದ ಬೆಳಗ್ತಿರುತ್ತೆ. ಗಾಳಿ ಬೀಸಿದಾಗ ದೀಪ ಅಲ್ಲಾಡಿದಂಗೆ ಅಲ್ಲಾಡುತ್ತೆ. ಬಣ್ಣದಂಗಡಿಯವನಿಗೆ ಅಷ್ಟೂ ತಿಳಿಯಲ್ವಾ?"

ಬಣ್ಣದಂಗಡಿಯವನಿಗೆ ತಿಳಿಯುವುದಿಲ್ಲ. ಅದು ಡಬ್ಬಿಯಲ್ಲಿ ಸಿಗುವ ಬಣ್ಣವಲ್ಲ ಎಂದು ಇಡೀ ಜೆದ್ದಾದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಬ್ಕರ್. ಮೊದಲ ಡಬ್ಬಿ ತರುವಾಗಲೇ ಅವರಿಗದು ಗೊತ್ತಿತ್ತು. ಆದರೂ ಡಬ್ಬಿಯ ಮುಚ್ಚಳ ಹಾಕಿ, ವ್ಯಾನಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾರೆ. ಸಿಗಲ್ಲ ಅಂತ ಗೊತ್ತಿದ್ದೂ ಯಾಕೆ ಹೋಗುತ್ತೀರಿ ಎಂದು ಕೆಳಗೆ ಕೇಳಿದರೆ, ಮೂರನೇ ಮಹಡಿಯ ಕಿಟಕಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

"ನಾನು ತಪ್ಪು ಡಬ್ಬಿ ತಂದಾಗಲೆಲ್ಲ, ಅದು ಹೆಂಗಿತ್ತು ಅಂತ ಅವಳು ಮೊದಲಿಂದ ಹೇಳ್ತಾಳೆ."